1951ರ ಎಂ.ಜಿ. ಟಿ.ಡಿ.: ಮಾರುವ ಮೊದಲು ಮಾಡಿದ್ದು, ಬೇಕಂತಲೇ ಬಿಟ್ಟಿದ್ದು

ಗಾಡಿ ನಮ್ಮ ಸೋದರಮಾವನದು. 1951ರ ಎಂ.ಜಿ. ಟಿ.ಡಿ., ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆ ಟಾಪು, ಪೆಟ್ರೋಲ್ ಟ್ಯಾಂಕಿನ ಹಿಂದೆ ಸ್ಟೆಪ್ನಿ. 1960ರ ದಶಕದಲ್ಲಿ ಚಿಕ್ಕಮಗಳೂರು ಕಡೆಯ ಒಂದು ಕಾಫಿ ಎಸ್ಟೇಟಿನಿಂದ ದಾವಣಗೆರೆಗೆ ಬಂತು. ಅವತ್ತಿನಿಂದ ಪಿ.ಜೆ. ಬಡಾವಣೆಯ ಅದೇ ಶೆಡ್ಡಿನಲ್ಲಿದೆ. ಮಾವನಿಗೆ ಈಗ ಮಂಡಿ ನೋವು, ಕ್ಲಚ್ ತುಳಿಯಲು ಆಗಲ್ಲ. ಮಕ್ಕಳಿಬ್ಬರೂ ಹೊರದೇಶದಲ್ಲಿ. "ನೀನೇ ಇಟ್ಕೊಳ್ಳೋ" ಅಂದರು. ನಮ್ಮ ಮನೆ ಮುಂದೆ ಬೈಕ್ ನಿಲ್ಲಿಸಲೂ ಜಾಗ ಇಲ್ಲ. ಹಾಗಾಗಿ ಮಾರೋದು ಅಂತಾಯಿತು.

ಈ ಗಾಡಿಯ ಕೆಲಸ ಎಷ್ಟೋ ವರ್ಷದಿಂದ ನಾನೇ ನೋಡಿಕೊಂಡಿದ್ದೇನೆ. ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ನಿಲ್ಲುತ್ತದೆ. ಆದರೆ ಮನೆಯವರು ಓಡಿಸಲು ಸರಿಯಾಗಿರುವುದೇ ಬೇರೆ, ಗುರುತಿಲ್ಲದವರ ಕೈಗೆ ಕೊಡಲು ಸರಿಯಾಗಿರುವುದೇ ಬೇರೆ. ಚೋಕ್ ಎಷ್ಟು ಎಳೆಯಬೇಕು, ಬಾಗಿಲನ್ನು ಎತ್ತಿ ಹಾಕಬೇಕು ಅನ್ನೋದೆಲ್ಲ ನಮ್ಮ ಕೈಗೆ ಗೊತ್ತು. ಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ಮಾರುತ್ತೇವೆ ಅಂದ ಕೂಡಲೇ ಎಲ್ಲರೂ ಕೊಟ್ಟ ಸಲಹೆ ಒಂದೇ: "ಮೊದಲು ಒಂದು ಪೇಂಟ್ ಹೊಡಿಸ್ರಿ." ನಾನು ಹೊಡಿಸಲಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿಯಲ್ಲಿ ಬಣ್ಣ ಬಿರುಕು ಬಿಟ್ಟಿದೆ, ಬಾನೆಟ್ ಮೇಲೆ ಮಾಸಿದೆ. ಇರಲಿ. ಹೊಸ ಬಣ್ಣದ ಕೆಳಗೆ ತುಕ್ಕಿದೆಯೋ ಪುಟ್ಟಿ ಇದೆಯೋ ಅಂತ ಕೊಳ್ಳುವವರಿಗೆ ಕಾಣುವುದಿಲ್ಲ. ಕಾಣದೇ ಇದ್ದಾಗ ಅವರು ಕೆಟ್ಟದ್ದನ್ನೇ ಊಹಿಸುತ್ತಾರೆ, ಆ ಊಹೆಗೆ ತಕ್ಕಂತೆ ರೇಟು ಕೇಳುತ್ತಾರೆ. ಹಳೇ ಬಣ್ಣ ಇದ್ದರೆ ತಗಡಿನ ಸ್ಥಿತಿ ಕಣ್ಣಿಗೆ ಬೀಳುತ್ತದೆ. ಜೀವಕ್ಕೆ ಸಂಬಂಧಪಟ್ಟದ್ದನ್ನು ಮತ್ತು ಓಡಲು ಬೇಕಾದದ್ದನ್ನು ರಿಪೇರಿ ಮಾಡಬೇಕು. ಉಳಿದದ್ದನ್ನು ಮುಚ್ಚದೆ ತೋರಿಸಬೇಕು. ಇಷ್ಟು ಗಟ್ಟಿ ಮಾಡಿಕೊಂಡು ಕೆಲಸಕ್ಕೆ ಇಳಿದೆ.

ಪಾನಾ ತಾಪತ್ರಯ

ಈ ಗಾಡಿಗೆ ಕೈ ಹಾಕುವವರಿಗೆ ಮೊದಲು ಇದನ್ನು ಹೇಳಬೇಕು. ಎಂಜಿನ್ ಹೆಸರು ಎಕ್ಸ್‌ಪಿಎಜಿ. 1250 ಸಿ.ಸಿ., 54 ಹಾರ್ಸ್ ಪವರ್. ಅಪ್ಪಟ ಇಂಗ್ಲಿಷ್ ಎಂಜಿನ್, ಆದರೆ ಅದರ ಬೋಲ್ಟುಗಳ ಮರೆ (ಸುತ್ತ ಕೊರೆದ ತಿರುಪಿನ ಗೆರೆ) ಮಿಲಿಮೀಟರ್ ಲೆಕ್ಕದ್ದು. ಬೋಲ್ಟಿನ ತಲೆ ಮಾತ್ರ ಇಂಗ್ಲೆಂಡಿನ ಹಳೇ ಇಂಚು ಲೆಕ್ಕದ ವಿಟ್‌ವರ್ತ್ ಅಳತೆಯದು! ಕಾರಣ ಹಳೆಯದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಎಂಜಿನ್ ಕಾರ್ಖಾನೆ ಇತ್ತು. 1923ರಲ್ಲಿ ಇಂಗ್ಲೆಂಡಿನ ಕಾರು ತಯಾರಕ ಮಾರಿಸ್ ಅದನ್ನು ಕೊಂಡುಕೊಂಡರು. ಅಲ್ಲಿನ ಯಂತ್ರಗಳು ಮೆಟ್ರಿಕ್ ಮರೆಯನ್ನೇ ಕೊರೆಯುತ್ತಿದ್ದವು. ಯಂತ್ರ ಬದಲಿಸುವ ಖರ್ಚು ಯಾಕೆ ಅಂತ ಮರೆಯನ್ನು ಹಾಗೇ ಬಿಟ್ಟು, ಇಂಗ್ಲಿಷ್ ಮೆಕ್ಯಾನಿಕ್ಕುಗಳ ಸ್ಪ್ಯಾನರ್ ಕೂರಲಿ ಅಂತ ತಲೆಯನ್ನಷ್ಟೇ ವಿಟ್‌ವರ್ತ್ ಮಾಡಿದರು.

ಇದರಿಂದ ಇಲ್ಲಿ ಆಗುವ ಅನಾಹುತ ಏನು ಗೊತ್ತಾ? 8 ಎಂ.ಎಂ. ಬೋಲ್ಟ್ ಕಳೆದರೆ ಅಂಗಡಿಗೆ ಹೋಗಿ 8 ಎಂ.ಎಂ. ಬೋಲ್ಟ್ ತರುತ್ತಾರೆ. ಅದು ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಂಗಡಿಯ ಬೋಲ್ಟಿನ ಪಿಚ್, ಅಂದರೆ ಮರೆಯ ಒಂದು ಗೆರೆಯಿಂದ ಇನ್ನೊಂದಕ್ಕೆ ಇರುವ ದೂರ, 1.25 ಎಂ.ಎಂ. ಇದಕ್ಕೆ ಬೇಕಾದದ್ದು 1.0. ಜೋರು ಮಾಡಿ ತಿರುಗಿಸಿದರೆ ಬ್ಲಾಕಿನ ಮರೆ ಹಾಳು. ಇನ್ನು ಚಾಸಿಗೆ ಬಂದರೆ ಅದು ಬಿ.ಎಸ್.ಎಫ್. ಅನ್ನುವ ಇಂಗ್ಲಿಷ್ ಇಂಚಿನ ಮರೆ, ಎಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ನಾನು ಮಾಡಿದ ಮೊದಲ ಕೆಲಸ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು. ಈ ಡಬ್ಬಿಗಳು ಗಾಡಿಯ ಜೊತೆಗೇ ಹೋಗಬೇಕು. ವಿಟ್‌ವರ್ತ್ ಪಾನಾ ಸೆಟ್ಟೂ ಅಷ್ಟೇ. ನಮ್ಮಲ್ಲಿ ಇಟ್ಟುಕೊಂಡು ಏನು ಮಾಡೋದು?

ಬ್ರೇಕ್

ಇದರಲ್ಲಿ ರಾಜಿ ಇಲ್ಲ. ನಾಲ್ಕೂ ಕಡೆ 9 ಇಂಚಿನ ಡ್ರಮ್, ಲಾಕ್‌ಹೀಡ್ ಹೈಡ್ರಾಲಿಕ್. ಎಲ್ಲಕ್ಕೂ ಸೇರಿ ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಕಡೆ ಸೋರಿತು ಅಂದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು, ಹ್ಯಾಂಡ್ ಬ್ರೇಕೇ ಗತಿ. ಮಾಸ್ಟರ್ ಸಿಲಿಂಡರ್ ಕಾಲಿನ ಹಲಗೆಯ ಕೆಳಗೆ ಚಾಸಿಯಲ್ಲಿದೆ. ಆಯಿಲ್ ನೋಡಬೇಕು ಅಂದರೂ ಮ್ಯಾಟ್ ಎತ್ತಬೇಕು. ಅದಕ್ಕೇ ಯಾರೂ ನೋಡುವುದಿಲ್ಲ.

ಹಿಂದಿನ ಎಡ ಚಕ್ರದ ಸಿಲಿಂಡರ್ ಒಳಗೆ ಸಣ್ಣ ಸಣ್ಣ ಗುಂಡಿ ಬಿದ್ದಿತ್ತು. ಹೊಸ ವಾಷರ್ ಹಾಕಿದರೂ ಆ ಗುಂಡಿಯ ಮೇಲೆ ಉಜ್ಜಿ ಉಜ್ಜಿ ಮತ್ತೆ ಸೋರುತ್ತದೆ. ಹರಿಹರಕ್ಕೆ ತೆಗೆದುಕೊಂಡು ಹೋದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿತು, ಆದರೆ ಅಲ್ಲಿ ಕೆಲಸ ಕಲಿತವರ ಕೈ ಎಲ್ಲಿ ಹೋಗುತ್ತದೆ? ನನಗೆ ಗೊತ್ತಿರುವ ಟರ್ನರ್ ಅಜ್ಜ ಅಲ್ಲಿಯವರೇ. ಮನೆ ಹಿಂದೆ ಒಂದು ಹಳೇ ಲೇತ್ ಇಟ್ಟುಕೊಂಡಿದ್ದಾರೆ. ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿ, "ಬೋರ್ ದೊಡ್ದು ಮಾಡಿ ಒಳಗೆ ಸ್ಟೇನ್‌ಲೆಸ್ ಸ್ಲೀವ್ ಕೂರಿಸ್ತೀನಿ. ವಾಷರ್ ಹಳೇ ಸೈಜಿಂದೇ ಆಗಬೇಕು, ಅಲ್ವೇನಪ್ಪಾ?" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಸ್ಲೀವ್ ಹಾಕಿದ ಮೇಲೆ ಒಳ ಅಳತೆ ಮೊದಲಿನಷ್ಟೇ ಇರಬೇಕು, ಇಲ್ಲದಿದ್ದರೆ ಮುಂದೆ ಯಾವ ಕಿಟ್ಟೂ ಕೂರುವುದಿಲ್ಲ. ಒಂದು ಕಡೆ ಗುಂಡಿ ಬಿದ್ದಿದೆ ಅಂದರೆ ಇನ್ನೊಂದು ಕಡೆಯೂ ಅದೇ ದಾರಿ ಹಿಡಿದಿರುತ್ತದೆ. ಹಿಂದಿನ ಎರಡನ್ನೂ ಒಟ್ಟಿಗೆ ಮಾಡಿಸಿದೆ.

ಮುಂದಿನ ಚಕ್ರಗಳಿಗೆ ಎರಡೆರಡು ಸಿಲಿಂಡರ್. ಎರಡು ಶೂಗಳೂ ಚಕ್ರ ತಿರುಗುವ ದಿಕ್ಕಿಗೇ ಕಚ್ಚುವ ಹಾಗೆ ಮಾಡಿದ್ದಾರೆ. ಮುಂದಕ್ಕೆ ಹೋಗುವಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ರಿವರ್ಸಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಇದು ದೋಷ ಅಲ್ಲ, ಗಾಡಿಯೇ ಹಾಗೆ. ಇಳಿಜಾರಿನಲ್ಲಿ ರಿವರ್ಸ್ ತೆಗೆಯುವ ಮೊದಲು ತಿಳಿದಿದ್ದರೆ ಒಳ್ಳೆಯದು. ಕೊಳ್ಳುವವರಿಗೆ ಕೊಡಲು ಗಾಡಿಯ ವಿಷಯ ಎಲ್ಲ ಬರೆದಿಟ್ಟ ಪುಸ್ತಕದಲ್ಲಿ ಅದನ್ನೂ ಬರೆದೆ. ರಬ್ಬರ್ ಹೋಸ್ ಮೂರೂ ಹೊಸದು.

ಕಾರ್ಬೊರೇಟರ್, ಇ20

ಬಂಕಿನಲ್ಲಿ ಈಗ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರಿದ ಪೆಟ್ರೋಲ್. 1951ರ ಗಾಡಿಗೆ ಇದು ಅಪರಿಚಿತ ಊಟ. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಿಂತೇ ಇರುವ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಶುರುವಾಗುವುದು ಹೀಗೇ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೋಸಿಗೆ ಬದಲಿಸಿದೆ. ಬಾನೆಟ್ ಒಳಗಿನ ಎಸ್.ಯು. ಕಂಪನಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿಗೆ ಇಂಗ್ಲೆಂಡಿನಿಂದ ಹೊಸ ಡಯಾಫ್ರಮ್ ತರಿಸಿ ಹಾಕಿದೆ. ಕೀ ತಿರುಗಿಸಿದ ಕೂಡಲೇ ಪಂಪು ಟಿಕ್ ಟಿಕ್ ಅನ್ನುತ್ತದೆ, ಕಾರ್ಬೊರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೇ ಟಿಕ್ ಅನ್ನುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಟ್ಯಾಂಕ್ ಖಾಲಿ ಅಂತ ಅರ್ಥ. ಅಂದ ಹಾಗೆ ಈ ಗಾಡಿಯಲ್ಲಿ ಪೆಟ್ರೋಲ್ ಮುಳ್ಳೇ ಇಲ್ಲ. ಕಡಿಮೆ ಆದಾಗ ಒಂದು ಹಸಿರು ದೀಪ ಹತ್ತುತ್ತದೆ, ಅಷ್ಟೇ.

ಎರಡು ಎಸ್.ಯು. ಕಾರ್ಬೊರೇಟರ್ ಇವೆ. ಐಡ್ಲಿಂಗ್ ಸ್ವಲ್ಪ ಏರುಪೇರು ಇತ್ತು. ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ಸವೆದಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಎಂಜಿನ್ ಓಡುತ್ತಿರುವಾಗ ಸ್ಪಿಂಡಲ್ ತುದಿಗೆ ಕಾರ್ಬ್ ಕ್ಲೀನರ್ ಚೂರು ಸ್ಪ್ರೇ ಮಾಡಿ. ಬಿಸಿ ಸೈಲೆನ್ಸರ್ ಪೈಪು ಅಲ್ಲೇ ಕೆಳಗಿದೆ, ಹುಷಾರು. ಸದ್ದು ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ನಮ್ಮದು ಹಿಂದಿನ ಕಾರ್ಬೊರೇಟರಿನಲ್ಲಿ ಬದಲಾಯಿತು. ಅಜ್ಜನೇ ಹೊಸ ಬುಷ್ ಹಾಕಿ, ಹೊಸ ಸ್ಪಿಂಡಲ್ ಕೂರಿಸಿಕೊಟ್ಟರು. ಪೆಟ್ರೋಲ್ ಬರುವ ಸಣ್ಣ ನಳಿಕೆಗೆ ಜೆಟ್ ಅಂತಾರೆ, ಅದರ ಸುತ್ತ ಬೆಂಡಿನ ವಾಷರ್ ಇರುತ್ತದೆ. ಒಣಗಿದರೆ ಕುಗ್ಗಿ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಅದನ್ನೂ ಬದಲಿಸಿದೆ.

ಆಮೇಲೆ ಟ್ಯೂನಿಂಗ್. ಎಥನಾಲ್ ಇರುವ ಪೆಟ್ರೋಲಿಗೆ ಹಳೇ ಸೆಟ್ಟಿಂಗ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಎಸ್.ಯು.ನಲ್ಲಿ ಜೆಟ್ ಕೆಳಗಿಳಿದಷ್ಟೂ ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಎರಡೂ ಕಡೆ ಜೆಟ್ ನಟ್ಟನ್ನು ಒಂದೊಂದೇ ಮುಖ ಕೆಳಕ್ಕೆ ತಿರುಗಿಸುತ್ತಾ ಬಂದೆ. ಕಾರ್ಬೊರೇಟರಿನ ಒಳಗಿನ ಪಿಸ್ಟನ್ನನ್ನು ಚೂರೇ ಚೂರು ಎತ್ತಿದಾಗ ಎಂಜಿನ್ ವೇಗ ಒಂದು ಕ್ಷಣ ಏರಿ ಮತ್ತೆ ಸರಿಯಾಗಬೇಕು. ಏರಿ ಹಾಗೇ ನಿಂತರೆ ರಿಚ್, ಎತ್ತಿದ ಕೂಡಲೇ ಕುಂಟಿದರೆ ಲೀನ್. ಎರಡೂ ಕಾರ್ಬೊರೇಟರ್ ಸಮನಾಗಿ ಗಾಳಿ ಎಳೆಯುತ್ತಿವೆಯಾ ಅಂತ ನೋಡಲು ದುಬಾರಿ ಮೀಟರ್ ಬೇಡ. ಒಂದು ಮೊಳ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ. ಎರಡೂ ಕಡೆ ಒಂದೇ ಥರ ಸುಯ್ ಅನ್ನಬೇಕು. ಮಾವ ಕುರ್ಚಿ ಹಾಕಿಕೊಂಡು ಕೂತು, ಪೈಪೂ ಇಲ್ಲದೆ "ಮುಂದಿಂದು ಜಾಸ್ತಿ ಎಳೀತದೆ ನೋಡೋ" ಅಂತಿದ್ದರು. ಸರಿಯಾಗೇ ಹೇಳುತ್ತಿದ್ದರು.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ನಮ್ಮ ಎಂಜಿನ್ನಿಗೆ ಬಿಸಿಯಲ್ಲಿ 0.019 ಇಂಚು. ಕೊನೆಕೊನೆಯ ಟಿ.ಡಿ.ಗಳಿಗೆ ಕ್ಯಾಮ್ ಬದಲಾಗಿ 0.012 ಆಯಿತು. ರಾಕರ್ ಕವರ್ ಮೇಲಿನ ತಗಡಿನಲ್ಲಿ ಬರೆದಿರುತ್ತದೆ, ಅದನ್ನು ಓದಿ ಫೀಲರ್ ಗೇಜ್ ಹಿಡಿಯಿರಿ. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಸೀಸ ಇಲ್ಲದಿದ್ದರೆ ಹಳೇ ವಾಲ್ವ್ ಸೀಟ್ ಬೇಗ ಸವೆಯುತ್ತದೆ. ನಮ್ಮ ಗಾಡಿಗೆ ಆಮೇಲೆ ಎಂಜಿನ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದೆವು, ಬಿಲ್ ಫೈಲಿನಲ್ಲಿದೆ. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ 110ರಿಂದ 115 ಪಿ.ಎಸ್.ಐ. ಒಳಗೆ ಬಂತು. ಅಂಕಿ ದೊಡ್ಡದಿರುವುದಕ್ಕಿಂತ ನಾಲ್ಕೂ ಹತ್ತಿರ ಇರುವುದು ಮುಖ್ಯ.

ಬಾಗಿಲಿನ ಮರ

ಟಿ.ಡಿ.ಯ ಬಾಡಿ ತಗಡಿನದು ಅಂತ ಕಾಣುತ್ತದೆ. ಒಳಗೆ ಇರುವುದು ಮರ. ಆ್ಯಶ್ ಮರದ ಚೌಕಟ್ಟಿಗೆ ತಗಡು ಹೊದಿಸಿದ್ದಾರೆ. ಕೊಳ್ಳುವವರಲ್ಲಿ ತಿಳಿದವರು ಎಂಜಿನ್ ನೋಡುವುದೇ ಇಲ್ಲ, ಮೊದಲು ಬಾಗಿಲು ಹಿಡಿದು ಎತ್ತಿ ನೋಡುತ್ತಾರೆ. ಈ ಗಾಡಿಯ ಬಾಗಿಲಿಗೆ ಹಿಂಜಸ್ ಹಿಂದೆ ಇದೆ, ಮುಂದಿನಿಂದ ತೆರೆಯುತ್ತದೆ. ಎತ್ತಿದಾಗ ಕಂಬದ ಸಮೇತ ಅಲ್ಲಾಡಿದರೆ ಮರ ಲಡ್ಡಾಗಿದೆ ಅಂತ.

ಬಲಗಡೆ ಬಾಗಿಲು ಇಳಿಬಿದ್ದಿತ್ತು. ಹಿಂಜಸ್ ಪಿನ್ ಸವೆದಿರಬಹುದು ಅಂತ ಮೊದಲು ಅದನ್ನೇ ಬಿಚ್ಚಿದೆ. ಪಿನ್ ಸರಿಯಾಗೇ ಇತ್ತು. ಒಳಗಿನ ರೆಕ್ಸಿನ್ ಬಿಚ್ಚಿದಾಗ ಕಂಬದ ಬುಡದಲ್ಲಿ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಮೇಲ್ಭಾಗ ಕಲ್ಲಿನಂತಿತ್ತು. ಮಳೆ ನೀರು ಬುಡದಲ್ಲಿ ನಿಂತು ಕೊಳೆತಿದೆ.

ಆಚಾರ್ರನ್ನು ಕರೆಸಿದೆ. ಅವರು ಕಾರಿನ ಕೆಲಸ ಮಾಡಿದವರಲ್ಲ, ಬಾಗಿಲು ಕಿಟಕಿ ಮಾಡುವವರು. "ಚೌಕಟ್ಟು ಅಂದ್ರೆ ಚೌಕಟ್ಟೇ ಬಿಡ್ರಿ" ಅಂತ ಕೂತರು. ಕೊಳೆತ ಭಾಗವನ್ನಷ್ಟೇ ಓರೆಯಾಗಿ ಕೊಯ್ದು, ಅದೇ ಓರೆಗೆ ಹೊಸ ತುಂಡು ಕೂರಿಸಿದರು. ಇಡೀ ಕಂಬ ಬದಲಿಸಬೇಕೆಂದರೆ ತಗಡು ಬಿಚ್ಚಬೇಕು, ತಗಡು ಬಿಚ್ಚಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಮತ್ತೆ ಅದೇ ಪೇಂಟಿನ ಕಥೆ. ಆ್ಯಶ್ ಇಲ್ಲಿ ಎಲ್ಲಿ ಸಿಗಬೇಕು? ಹತ್ತಿ ಮಿಲ್ಲಿನ ಹಳೇ ಕಿಟಕಿಯೊಂದರ ಸಾಗುವಾನಿ ಅವರ ಹತ್ತಿರ ಇತ್ತು. ಈ ಊರಲ್ಲಿ ಮಿಲ್ಲುಗಳು ನಿಂತವು, ಮರ ಇನ್ನೂ ಓಡಾಡುತ್ತಿದೆ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುಖವನ್ನು ಥಿನ್ನರಿನಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಎಪಾಕ್ಸಿ ಹಚ್ಚಿ, ಹಿತ್ತಾಳೆ ಸ್ಕ್ರೂ ಹಾಕಿದೆವು. ಬಾಗಿಲು ಈಗ ಎತ್ತದೆಯೇ ಮುಚ್ಚುತ್ತದೆ.

ರೆಕ್ಸಿನ್ ಮತ್ತೆ ಹೊಡೆಯುವ ಮೊದಲು ಫೋಟೊ ತೆಗೆದೆ. ಕೊಳೆತ ಮರ, ಕೊಯ್ದ ಮೇಲಿನ ಒಳ್ಳೆ ಮರ, ಹೊಸ ತುಂಡು, ಎಲ್ಲದಕ್ಕೂ. ಕೆಳಗಿನ ಎರಡು ಸ್ಕ್ರೂ ಬಿಚ್ಚಿದರೆ ರೆಕ್ಸಿನ್ ಮಡಚಿ ಒಳಗೆ ನೋಡುವ ಹಾಗೂ ಬಿಟ್ಟೆ.

ಬಿಟ್ಟ ಕೆಲಸ

ಎಂಜಿನ್ ಹಿಂಭಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ. ಎಕ್ಸ್‌ಪಿಎಜಿಗೆ ಹಿಂದೆ ರಬ್ಬರ್ ಆಯಿಲ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂ ಥರ ಗೆರೆ ಕೊರೆದಿದ್ದಾರೆ. ಕ್ರ್ಯಾಂಕ್ ತಿರುಗುವಾಗ ಆ ಗೆರೆ ಆಯಿಲನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ನಾಲ್ಕು ಹನಿ ಕೆಳಕ್ಕೆ. ಈಗಿನ ಕಾಲದ ಸೀಲ್ ಕಿಟ್ ಸಿಗುತ್ತದೆ. ಆದರೆ ಹಾಕಲು ಎಂಜಿನ್ ಇಳಿಸಬೇಕು. ಮಾರುವ ಮುಂಚೆ ಚೆನ್ನಾಗಿರುವ ಎಂಜಿನ್ ಯಾಕೆ ಇಳಿಸಲಿ? ಕೆಳಗೆ ತಟ್ಟೆ ಇಟ್ಟೆ, ಪುಸ್ತಕದಲ್ಲಿ ಬರೆದೆ. ಬಿಸಿ ಎಂಜಿನ್ನಿನಲ್ಲಿ ಆಯಿಲ್ ಪ್ರೆಷರ್ 45 ಪಿ.ಎಸ್.ಐ. ನಿಲ್ಲುತ್ತದೆ, ನೋಡಬೇಕಾದದ್ದು ಅದನ್ನು.

ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಓಡುವಾಗಲೇ ಗೇರ್ ಸಲೀಸಾಗಿ ಕೂರಿಸುವ ಭಾಗ, ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು. ಅದೂ ಕಂಪನಿಯಿಂದಲೇ ಹಾಗೆ. ಸೀಟಿನ ಚರ್ಮ ಬಿರಿದಿದೆ, ಮುಟ್ಟಲಿಲ್ಲ.

ವೈರಿಂಗಿನಲ್ಲಿ ಎರಡು ಕಡೆ ಬಟ್ಟೆ ಸುತ್ತಿದ ಹಳೇ ವೈರ್ ಸುಟ್ಟಿತ್ತು, ಬದಲಿಸಿದೆ. ಆದರೆ ಪಾಸಿಟಿವ್ ಅರ್ತ್ ಹಾಗೇ ಬಿಟ್ಟೆ. ಈ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ. ಯಾರಾದರೂ ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಕೊಟ್ಟರೆ ಡೈನಮೊ ಕಥೆ ಮುಗಿಯಬಹುದು. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಸುಮ್ನೆ ಸಿಕ್ಕಿಸುವ ಹಾಗಿಲ್ಲ. ಬ್ಯಾಟರಿ ಪೆಟ್ಟಿಗೆಯ ಮೇಲೆ "ಪ್ಲಸ್ ಬಾಡಿಗೆ! ಬದಲಿಸಬೇಡಿ" ಅಂತ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ. ನಾನು ಈ ಗಾಡಿಗೆ ಬಳಿದ ಬಣ್ಣ ಅಷ್ಟೇ.

ಕಾಗದ

ಚಾಸಿ ನಂಬರ್ ಎಡಗಡೆ ಮುಂದಿನ ಚಾಸಿ ತುದಿಯಲ್ಲಿ ಕೊರೆದಿದೆ. ಮೇಣ, ಗ್ರೀಸು ಎಲ್ಲ ಕೆರೆದು ಪೆನ್ಸಿಲ್ ಉಜ್ಜಿ ಟೇಪಿನಲ್ಲಿ ಪ್ರಿಂಟ್ ತೆಗೆದೆ. ಎಂಜಿನ್ ನಂಬರ್ ಎಂಟು ಮೂಲೆಯ ಬಿಲ್ಲೆಯಲ್ಲಿದೆ. ಎರಡೂ ಆರ್.ಸಿ.ಗೆ ತಾಳೆಯಾಗುತ್ತವೆ. ಟಿ.ಡಿ. ಚಾಸಿ ನಂಬರುಗಳು 0251ರಿಂದ ಶುರುವಾಗುತ್ತವೆ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿದ್ದ ಎಂ.ಜಿ. ಕಾರ್ಖಾನೆಯ ಫೋನ್ ನಂಬರ್ 251, ಅದಕ್ಕೆ! ನೋಡಲು ಬಂದವರಿಗೆಲ್ಲ ಇದನ್ನು ಹೇಳದೇ ಇರಲು ನನ್ನಿಂದ ಆಗಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸದಾಗಿ ನೋಂದಾಯಿಸಿದರೆ ವಿ.ಎ. ಸರಣಿಯ ನಂಬರ್, ಮೊದಲೇ ನೋಂದಣಿ ಇದ್ದರೆ ಹಳೇ ನಂಬರ್ ಉಳಿಯುತ್ತದೆ. ನಮ್ಮದು ಎಂ.ವೈ. ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರ್. ಕೊಳ್ಳುವವರಿಗೆ ಅದೇ ದೊಡ್ಡ ಆಕರ್ಷಣೆ. ವಿಂಟೇಜ್ ನೋಂದಣಿ ಇದ್ದರೆ ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗೂ ಬಿಡುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ.

ನೋಡಲು ಬಂದವರು

ಫೋಟೊಗಳನ್ನು ಬೆಳಿಗ್ಗೆ ಬೇಗ ಕುಂದುವಾಡ ಕೆರೆ ಹತ್ತಿರ ತೆಗೆದೆ. ಚೆಂದದ ಫೋಟೊ ನಾಲ್ಕೇ. ಉಳಿದದ್ದೆಲ್ಲ ಬಿರುಕು ಬಿಟ್ಟ ಬಣ್ಣ, ಸೀಟಿನ ಹರಕು, ಚಾಸಿಯ ತಳ, ಆಯಿಲ್ ತಟ್ಟೆ. ಗೆಳೆಯನೊಬ್ಬ "ಹೆಣ್ಣು ತೋರ್ಸೋಕೆ ಹೋಗಿ ಎಕ್ಸ್‌ರೇ ತೋರಿಸ್ತೀಯಲ್ಲೋ" ಅಂತ ನಕ್ಕ. ಅದರ ಲಾಭ ಏನೆಂದರೆ, ಸುಮ್ನೆ ಟೈಂಪಾಸಿಗೆ ಬರುವವರು ಕಡಿಮೆಯಾದರು.

ಆದರೂ ಒಬ್ಬರು ಬಂದರು, ಮದುವೆ ಫೋಟೊ ಶೂಟಿಗೆ ಬಾಡಿಗೆ ಬಿಡಲು. ಬಿಳಿ ಬಣ್ಣ ಹೊಡಿಸಿ, ಡೀಸೆಲ್ ಎಂಜಿನ್ ಕೂರಿಸಬಹುದಾ ಅಂತ ಕೇಳಿದರು. ಮಾವ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಇನ್ನೊಬ್ಬರು ಗಾಡಿಯನ್ನೇ ನೋಡದೆ ಫೋನಿನಲ್ಲೇ ಚೌಕಾಸಿ ಮುಗಿಸಬೇಕು ಅಂದರು.

ಕೊನೆಗೆ ಕೊಂಡವರು ಮೈಸೂರಿನವರು. ಅವರು ಬರುವ ದಿನ ನಾನು ಎಂಜಿನ್ ಮುಟ್ಟಲಿಲ್ಲ. ಹಳೇ ಗಾಡಿ ತೋರಿಸುವಾಗ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಬೇಕು. ಮೊದಲೇ ಬಿಸಿ ಮಾಡಿಟ್ಟರೆ ತಿಳಿದವರು ಬಾನೆಟ್ ಮೇಲೆ ಕೈಯಿಟ್ಟ ಕೂಡಲೇ ಅನುಮಾನ ಪಡುತ್ತಾರೆ. ಇವರು ಇಟ್ಟೇ ಇಟ್ಟರು. ಆಮೇಲೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ತೆಗೆದು ಮಡ್‌ಗಾರ್ಡ್ ಉದ್ದಕ್ಕೂ ಹಿಡಿದು ನೋಡಿದರು. ಪುಟ್ಟಿ ಇದ್ದ ಕಡೆ ಅದು ಅಂಟುವುದಿಲ್ಲ. ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಅಂಗೈಯಗಲ ಜಾಗದಲ್ಲಿ ಜಾರಿತು. "ಪುಸ್ತಕದಲ್ಲಿ ನೋಡಿ ಸರ್" ಅಂದೆ. ಮಾವ ಎಷ್ಟೋ ವರ್ಷದ ಹಿಂದೆ ಗೇಟಿಗೆ ತಾಗಿಸಿದ್ದು, ಟಿಂಕರಿಂಗ್ ಬಿಲ್ ಸಮೇತ ಅಲ್ಲಿತ್ತು. ಬಾಗಿಲಿನ ಎರಡು ಸ್ಕ್ರೂ ಬಿಚ್ಚಿ ಮರ ತೋರಿಸಿದೆ. ಟಾರ್ಚ್ ಹಿಡಿದು ಮಲಗಿ ತಳವನ್ನೂ ನೋಡಿದರು.

ಹಳೇ ಪಿ.ಬಿ. ರಸ್ತೆಯಲ್ಲಿ ಬಾತಿ ದಾಟಿ ಹರಿಹರದ ಕಡೆ ಹೋಗಿಬಂದೆವು. ಹೈವೇ ಬೇಡ ಅಂದೆ. ಲಾರಿಗಳ ನಡುವೆ ಈ ಗಾಡಿಯಲ್ಲಿ ಕೂತರೆ ಕಣ್ಣಿನ ಮಟ್ಟಕ್ಕೆ ಅವುಗಳ ಗಾಲಿಯೇ ಬರುತ್ತದೆ. ವಾಪಸ್ ಬಂದ ಮೇಲೆ ಅವರು ಪೇಂಟಿಗಾಗಿ ಒಂದು ರೂಪಾಯಿಯನ್ನೂ ಕಡಿಮೆ ಕೇಳಲಿಲ್ಲ. ಸೀಟಿನ ಚರ್ಮಕ್ಕೆ ಕೇಳಿದರು, ಒಪ್ಪಿದೆವು. ಎಷ್ಟಕ್ಕೆ ಹೋಯಿತು ಅಂತ ಬರೆಯಬೇಡ ಅಂತ ಮಾವ ಹೇಳಿದ್ದಾರೆ, ಬರೆಯುವುದಿಲ್ಲ.

ಕೊಟ್ಟಿದ್ದು

ಹಣ ಬ್ಯಾಂಕಿಗೆ ಬಂದ ಮೇಲೆ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಸಹಿ. ಗಾಡಿ ಕೊಟ್ಟ ತಾರೀಕು, ಸಮಯ ಬರೆದು ಇಬ್ಬರೂ ಸಹಿ ಮಾಡಿದ ಒಂದು ಕಾಗದವನ್ನೂ ಇಟ್ಟುಕೊಂಡೆವು. ಹೆಸರು ಬದಲಾಗುವವರೆಗೆ ಏನಾದರೂ ಆದರೆ ಮಾವನ ಮನೆ ಬಾಗಿಲಿಗೆ ಬರಬಾರದು ನೋಡಿ. ವಿಂಟೇಜ್ ನಿಯಮದ ಪ್ರಕಾರ ಮಾರಿದವರು, ಕೊಂಡವರು ಇಬ್ಬರೂ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.

ಟ್ರೇಲರಿಗೆ ಹತ್ತಿಸುವ ಮೊದಲು ಟ್ಯಾಂಕಿನಲ್ಲಿ ನಾಲ್ಕೈದು ಲೀಟರ್ ಬಿಟ್ಟು ಉಳಿದ ಪೆಟ್ರೋಲ್ ಇಳಿಸಿದೆ. ಡ್ರೈವರ್ ಬೆಲ್ಟನ್ನು ಬಂಪರಿಗೆ ಕಟ್ಟಲು ಹೊರಟಿದ್ದ. ಬಿಚ್ಚಿಸಿ, ಹಿಂದೆ ಆ್ಯಕ್ಸಲಿಗೆ, ಮುಂದೆ ಚಾಸಿಗೆ ಕಟ್ಟಿಸಿದೆ. ಬಟ್ಟೆ ಟಾಪು ಮಡಚಿ ಕಟ್ಟಿದೆವು. ಎತ್ತಿಟ್ಟುಕೊಂಡು ಹೋದರೆ ಗಾಳಿಗೆ ಹರಿಯುತ್ತದೆ. ಬೋಲ್ಟ್ ಡಬ್ಬಿಗಳು, ಪಾನಾ ಸೆಟ್, ಬಿಲ್ ಫೈಲ್, ಪುಸ್ತಕ ಎಲ್ಲ ಸೀಟಿನ ಹಿಂದೆ ಇಟ್ಟೆ.

ಶೆಡ್ ಗುಡಿಸುವಾಗ ಅಟ್ಟದ ಮೇಲೆ ಸೈಡ್ ಸ್ಕ್ರೀನಿನ (ಬಾಗಿಲ ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಕಿಟಕಿ) ಒಂದು ಜೊತೆ ಸಿಕ್ಕಿದೆ. ಪ್ಲಾಸ್ಟಿಕ್ ಹಳದಿಯಾಗಿದೆ, ಫ್ರೇಮ್ ಚೆನ್ನಾಗಿದೆ. ಮೈಸೂರಿಗೆ ಫೋನ್ ಮಾಡಿ ಹೇಳಿದ್ದೇನೆ. ಸೋಮವಾರ ಬಸ್ ಪಾರ್ಸಲಿಗೆ ಹಾಕಬೇಕು.